ಮೂರು ಆಯಾಮದ ವೆಕ್ಟರ್ ಲೆಕ್ಕ: ಎಲ್ಲಿಂದ ಶುರು ಮಾಡಬೇಕು, ಚಿಹ್ನೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿ):
ಎರಡು ಆಯಾಮದ ವೆಕ್ಟರ್ ಲೆಕ್ಕ ಬರುತ್ತದೆ. ಮೂರನೆಯ ಘಟಕ ಸೇರಿದ ಕೂಡಲೇ ಕೈ ನಿಂತುಬಿಡುತ್ತದೆ. ವೆಕ್ಟರ್‌ಗಳ ಎರಡು ಬಗೆಯ ಗುಣಾಕಾರದಲ್ಲಿ ಡಾಟ್ ಎಲ್ಲಿ ಹಾಕಬೇಕು, ಕ್ರಾಸ್ ಎಲ್ಲಿ ಎಂಬುದು ತಿಳಿಯುವುದಿಲ್ಲ. ಕ್ರಾಸ್‌ನಲ್ಲಂತೂ ಪ್ಲಸ್ ಮೈನಸ್ ಅದಲುಬದಲಾಗುತ್ತದೆ. ಬಂದ ಉತ್ತರ ಸರಿಯೇ ಎಂದು ನಾವೇ ನೋಡಿಕೊಳ್ಳುವ ದಾರಿ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಗಣಿತ ಉಪನ್ಯಾಸಕಿ:
ಬಿಂದು ಬೇರೆ, ವೆಕ್ಟರ್ ಬೇರೆ. ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ. ಎ (1, 2, 3), ಬಿ (4, 0, 9) ಎಂಬ ಎರಡು ಬಿಂದುಗಳಿವೆ ಅನ್ನಿ. ಎಯಿಂದ ಬಿಗೆ ಹೋಗುವ ವೆಕ್ಟರ್ ಬೇಕಾದರೆ ಸೇರುವ ಬಿಂದುವಿನಿಂದ ಹೊರಟ ಬಿಂದುವನ್ನು ಕಳೆಯಬೇಕು: (3, −2, 6). ಹಿಂದುಮುಂದಾಗಿ ಕಳೆದರೂ ಉದ್ದ ಅಷ್ಟೇ ಬರುತ್ತದೆ, ದಿಕ್ಕು ಮಾತ್ರ ತಿರುಗಿರುತ್ತದೆ. ಅದಕ್ಕೇ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಉದ್ದ ಅಂದರೆ 9 + 4 + 36 = 49ರ ವರ್ಗಮೂಲ, 7. −2ರ ವರ್ಗವನ್ನು −4 ಎಂದು ಬರೆದು 41 ತರುವವರು ಬಹಳ ಮಂದಿ. ವರ್ಗಗಳ ಮೊತ್ತದೊಳಗೆ ಮೈನಸ್ ಕಂಡರೆ ಅಲ್ಲೇ ನಿಲ್ಲಿ. ಪ್ರತಿ ಘಟಕವನ್ನೂ 7ರಿಂದ ಭಾಗಿಸಿದರೆ ಯೂನಿಟ್ ವೆಕ್ಟರ್, ಅಂದರೆ ಅದೇ ದಿಕ್ಕಿನ, ಉದ್ದ 1 ಇರುವ ವೆಕ್ಟರ್ ಸಿಗುತ್ತದೆ: (3/7, −2/7, 6/7).

ಅಭ್ಯಾಸಕ್ಕೆ ಉದ್ದ ಪೂರ್ಣಾಂಕವಾಗಿ ಬರುವ ವೆಕ್ಟರ್‌ಗಳನ್ನೇ ಆರಿಸಿಕೊಳ್ಳಿ: (1, 2, 2)ರ ಉದ್ದ 3, (2, 3, 6)ರದು 7, (1, 4, 8)ರದು 9, (2, 6, 9)ರದು 11. ವರ್ಗಮೂಲದ ಜಂಜಾಟ ತಪ್ಪುತ್ತದೆ, ಗಮನ ವಿಧಾನದ ಮೇಲೆ ಉಳಿಯುತ್ತದೆ.

ಭೌತಶಾಸ್ತ್ರ ಕಲಿಸುವವರು:
ಡಾಟೋ ಕ್ರಾಸೋ ಎಂಬ ಗೊಂದಲಕ್ಕೆ ನಾನು ಕೊಡುವ ಸಲಹೆ ಒಂದೇ. ಲೆಕ್ಕ ಹಚ್ಚುವ ಮುನ್ನ, ಬರಬೇಕಾದ ಉತ್ತರ ಬರೀ ಸಂಖ್ಯೆಯೋ, ದಿಕ್ಕಿರುವ ವೆಕ್ಟರೋ ಎಂದು ಅಂಚಿನಲ್ಲಿ ಬರೆದಿಡಿ. ಕೋನ, ಪ್ರೊಜೆಕ್ಷನ್‌ನ (ಒಂದು ವೆಕ್ಟರ್ ಇನ್ನೊಂದರ ಮೇಲೆ ಬೀಳಿಸುವ ನೆರಳಿನ) ಉದ್ದ, ಬಲ ಮಾಡಿದ ಕೆಲಸ, ಲಂಬವಾಗಿವೆಯೇ ಎಂಬ ಪರೀಕ್ಷೆ, ಇವಕ್ಕೆಲ್ಲ ಡಾಟ್, ಅಂದರೆ ಘಟಕಕ್ಕೆ ಘಟಕ ಗುಣಿಸಿ ಕೂಡಿಸುವುದು. ಎರಡು ವೆಕ್ಟರ್‌ಗೂ ಲಂಬವಾದ ದಿಕ್ಕು, ತ್ರಿಭುಜದ ವಿಸ್ತೀರ್ಣ, ಟಾರ್ಕ್ (ಬಲದ ತಿರುಗಿಸುವ ಪರಿಣಾಮ), ಇವಕ್ಕೆ ಕ್ರಾಸ್. ವಿಸ್ತೀರ್ಣ ಸಂಖ್ಯೆಯಾದರೂ ಕ್ರಾಸ್ ಯಾಕೆ ಅಂದರೆ, ಕ್ರಾಸ್ ಮಾಡಿ ಬಂದ ವೆಕ್ಟರ್‌ನ ಉದ್ದದ ಅರ್ಧವೇ ತ್ರಿಭುಜದ ವಿಸ್ತೀರ್ಣ.

0.3 ಮೀಟರ್ ಉದ್ದದ ಸ್ಪ್ಯಾನರ್ ಎಕ್ಸ್ ದಿಕ್ಕಿನಲ್ಲಿದೆ, ಅದರ ತುದಿಯನ್ನು 20 ನ್ಯೂಟನ್ ಬಲದಿಂದ ಕೆಳಕ್ಕೆ (ಝಡ್ ಮೇಲಕ್ಕಿದೆ ಅನ್ನಿ) ಒತ್ತುತ್ತೀರಿ. (0.3, 0, 0) × (0, 0, −20) = (0, 6, 0). ಅಂದರೆ ಟಾರ್ಕ್ 6 ನ್ಯೂಟನ್ ಮೀಟರ್, ವೈ ದಿಕ್ಕಿಗೆ. ಅದೇ ಬಲವನ್ನು ಹಿಡಿಯ ಉದ್ದಕ್ಕೇ ಎಳೆದರೆ ಕ್ರಾಸ್ ಸೊನ್ನೆ, ನಟ್ ತಿರುಗುವುದೇ ಇಲ್ಲ.

ಎಕ್ಸ್, ವೈ, ಝಡ್ ದಿಕ್ಕಿನ ಯೂನಿಟ್ ವೆಕ್ಟರ್‌ಗಳಿಗೆ ಇಡುವ ಐ, ಜೆ, ಕೆ ಎಂಬ ಹೆಸರು ಬಂದದ್ದು 1843ರಲ್ಲಿ ಗಣಿತಜ್ಞ ಹ್ಯಾಮಿಲ್ಟನ್ ಕಂಡುಕೊಂಡ, ನಾಲ್ಕು ಘಟಕಗಳ ಕ್ವಾಟರ್ನಿಯನ್ ಎಂಬ ಸಂಖ್ಯೆಗಳಿಂದ. ಅಲ್ಲಿ ಡಾಟ್, ಕ್ರಾಸ್ ಎರಡೂ ಒಂದೇ ಗುಣಾಕಾರದೊಳಗೆ ಅಡಗಿದ್ದವು. ಮುಂದೆ ಗಿಬ್ಸ್ ಮತ್ತು ಹೆವಿಸೈಡ್ ಅವನ್ನು ಬಿಡಿಸಿ ಬೇರೆ ಮಾಡಿದರು.

ಸಿಇಟಿ ತರಬೇತಿ ಕೊಡುವವರು:
ಚಿಹ್ನೆಯ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಸೋಲುವುದು ಇಲ್ಲೇ. ಕ್ರಾಸ್‌ಗೆ ಪಠ್ಯಪುಸ್ತಕದಂತೆ ಡಿಟರ್ಮಿನೆಂಟ್ ಬಿಡಿಸುವಾಗ ಜೆ ಮುಂದಿನ ಮೈನಸ್ ಮರೆತುಹೋಗುತ್ತದೆ. ಅದರ ಬದಲು ಹೀಗೆ ಮಾಡಿ. ಪಿ = (2, 3, 6), ಕ್ಯೂ = (1, 2, 2) ಇರಲಿ. ಘಟಕಗಳನ್ನು ಎರಡೆರಡು ಸಲ ಬರೆಯಿರಿ:

2 3 6 2 3 6
1 2 2 1 2 2

ಮೊದಲ ಮತ್ತು ಕೊನೆಯ ಕಂಬಸಾಲು ಹೊಡೆದುಹಾಕಿ. ಉಳಿದದ್ದು:

3 6 2 3
2 2 1 2

ಪಕ್ಕಪಕ್ಕದ ಎರಡೆರಡು ಕಂಬಸಾಲು ಹಿಡಿದು, ಮೇಲಿನ ಎಡದಿಂದ ಕೆಳಗಿನ ಬಲಕ್ಕೆ ಗುಣಿಸಿ, ಅದರಿಂದ ಇನ್ನೊಂದು ಓರೆಯ ಗುಣಲಬ್ಧ ಕಳೆಯಿರಿ: 6 − 12 = −6, 6 − 4 = 2, 4 − 3 = 1. ಉತ್ತರ (−6, 2, 1). ಜೆಗೆಂದು ಪ್ರತ್ಯೇಕ ಮೈನಸ್ ಎಲ್ಲೂ ಇಲ್ಲ.

ಇನ್ನು ತಾಳೆ. ಬಂದ ಉತ್ತರಕ್ಕೆ ಪಿ, ಕ್ಯೂ ಎರಡನ್ನೂ ಡಾಟ್ ಮಾಡಿ: −12 + 6 + 6 = 0, −6 + 4 + 2 = 0. ಕ್ರಾಸ್‌ನ ಉತ್ತರ ಎರಡಕ್ಕೂ ಲಂಬ, ಲಂಬವಾದರೆ ಡಾಟ್ ಸೊನ್ನೆ; ಹಾಗಾಗಿ ಎರಡೂ ಸೊನ್ನೆ ಬರಲೇಬೇಕು. ನಡುವಿನ ಚಿಹ್ನೆ ತಪ್ಪಿ (−6, −2, 1) ಬರೆದಿದ್ದರೆ ಪಿ ಜೊತೆ −12 ಬಂದು ಸಿಕ್ಕಿಬೀಳುತ್ತಿತ್ತು. ಇನ್ನೂ ಗಟ್ಟಿ ತಾಳೆ ಬೇಕೇ? ಡಾಟ್‌ನ ವರ್ಗಕ್ಕೆ ಕ್ರಾಸ್‌ನ ಉದ್ದದ ವರ್ಗ ಕೂಡಿಸಿ. ಎರಡೂ ಉದ್ದಗಳ ಗುಣಲಬ್ಧದ ವರ್ಗ ಬರಬೇಕು. ಇಲ್ಲಿ ಡಾಟ್ 2 + 6 + 12 = 20, ಉದ್ದಗಳ ಗುಣಲಬ್ಧ 7 × 3 = 21. 400 + 41 = 441. ಸರಿಹೋಯಿತು.

ಗಣಿತ ಉಪನ್ಯಾಸಕಿ:
ಒಂದು ಎಚ್ಚರಿಕೆ ಸೇರಿಸುತ್ತೇನೆ. ಈ ಎರಡೂ ತಾಳೆಗಳು ಕ್ಯೂ × ಪಿ ಮಾಡಿದ್ದರೂ ಪಾಸಾಗುತ್ತವೆ, ಯಾಕೆಂದರೆ ಆಗ ಮೂರೂ ಚಿಹ್ನೆಗಳು ಒಟ್ಟಿಗೆ ತಿರುಗುತ್ತವೆ. ಅದನ್ನು ಹಿಡಿಯಲು ಬಲಗೈ ನಿಯಮವೇ ಬೇಕು: ಬೆರಳುಗಳು ಪಿಯಿಂದ ಕ್ಯೂ ಕಡೆಗೆ ಮಡಚಲಿ, ಹೆಬ್ಬೆರಳು ಉತ್ತರದ ದಿಕ್ಕು. ಪರೀಕ್ಷೆಯಲ್ಲಿ ಪೆನ್ನು ಬಲಗೈಯಲ್ಲಿರುತ್ತದೆ, ನಿಯಮಕ್ಕೆ ಎಡಗೈ ಎತ್ತಿಬಿಡುತ್ತಾರೆ. ಪೆನ್ನು ಕೆಳಗಿಡಿ. ಚಿತ್ರ ಮನಸ್ಸಿಗೆ ಬಾರದಿದ್ದರೆ ಕೋಣೆಯ ಮೂಲೆಗೆ ಮುಖ ಮಾಡಿ ನಿಲ್ಲಿ. ಎಡಗೋಡೆಯ ಬುಡ ಎಕ್ಸ್, ಬಲಗೋಡೆಯ ಬುಡ ವೈ, ಮೂಲೆಯಿಂದ ಮೇಲಕ್ಕೆ ಝಡ್.

ಪ್ರೊಜೆಕ್ಷನ್‌ನಲ್ಲೂ ಒಂದು ಮಾಮೂಲಿ ತಪ್ಪಿದೆ. ಕ್ಯೂ ಮೇಲೆ ಪಿಯ ಪ್ರೊಜೆಕ್ಷನ್‌ನ ಉದ್ದ 20/3. ಆದರೆ ಪ್ರೊಜೆಕ್ಷನ್ ವೆಕ್ಟರ್ ಕೇಳಿದರೆ ಉದ್ದದ ವರ್ಗದಿಂದ ಭಾಗಿಸಬೇಕು: 20/9 × (1, 2, 2). ಪಿಯಿಂದ ಅದನ್ನು ಕಳೆದರೆ (−2/9, −13/9, 14/9). ಇದು ಕ್ಯೂಗೆ ಲಂಬವಾಗಿರಬೇಕು, ಡಾಟ್ ಮಾಡಿ ನೋಡಿ.

ಗ್ರಾಫಿಕ್ಸ್ ಪ್ರೋಗ್ರಾಮರ್:
ಮುಂದೆ ಕೋಡ್ ಬರೆಯುವವರಿಗೆ ಎರಡು ಮಾತು. ಪೈಥಾನ್ ಭಾಷೆಯ ಗಣಿತ ಲೈಬ್ರರಿ ನಮ್‌ಪೈನಲ್ಲಿ ಪಿ, ಕ್ಯೂಗಳನ್ನು ನಕ್ಷತ್ರ ಚಿಹ್ನೆ ಹಾಕಿ ಗುಣಿಸಿದರೆ ಡಾಟ್ ಅಲ್ಲ, ಘಟಕಕ್ಕೆ ಘಟಕ ಗುಣಿಸಿದ (2, 6, 12) ಬರುತ್ತದೆ. ಇನ್ನು ಗೇಮ್ ತಯಾರಿಸುವ ಯೂನಿಟಿ ತಂತ್ರಾಂಶದಲ್ಲಿ ಅಕ್ಷಗಳು ಎಡಗೈ ಪದ್ಧತಿಯವು, ವೈ ಮೇಲಕ್ಕೆ. 3ಡಿ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶದಲ್ಲಿ ಬಲಗೈ ಪದ್ಧತಿ, ಝಡ್ ಮೇಲಕ್ಕೆ. ಕ್ರಾಸ್‌ನ ಸೂತ್ರ ಎರಡರಲ್ಲೂ ಒಂದೇ, ಆದರೆ ಯೂನಿಟಿಯ ಪರದೆಯ ಮೇಲೆ ದಿಕ್ಕು ಊಹಿಸಲು ಎಡಗೈಯನ್ನೇ ಬಳಸಬೇಕು.