ಶುಕ್ರವಾರ ಮಾತ್ರ ಗಾಂಧಿ ಬಜಾರಿಗೆ ಹೋಗಬೇಡಿ

ಪುಟ್ಟಿ, ದೊಡ್ಡಮ್ಮ ಮಾತಾಡ್ತಿರೋದು. ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಅದಕ್ಕೇ ಮಾತಲ್ಲೇ ಹೇಳ್ತೀನಿ. ಗುರುವಾರ ರಾತ್ರಿ ರೈಲಿಗೆ ಹೊರಡುತ್ತೀವಿ, ಅತ್ತೆ ಮಾವ ಬೆಂಗಳೂರು ನೋಡುತ್ತಿರೋದೇ ಮೊದಲ ಸಲ, ಮಾವನಿಗೆ ಶುಗರ್ ಬೇರೆ, ಎಲ್ಲಿ ತಿಂಡಿ ತಿನ್ನಿಸಲಿ ಅಂತ ಕೇಳಿದೀಯಲ್ಲ.

ಶುಕ್ರವಾರ ಗಾಂಧಿ ಬಜಾರಿನ ದೋಸೆ ಹೋಟೆಲು, ವಿದ್ಯಾರ್ಥಿ ಭವನಕ್ಕೆ ಹೋಗಬೇಡಿ. ಅಜ್ಜಿ ಕಣ್ಣು ತೋರಿಸೋಕೆ ಹೋದಾಗ ನಾವು ಮಾಡಿದ್ದು ಇದೇ ತಪ್ಪು. ಅಜ್ಜ ಕಾಲೇಜಿಗೆ ಹೋಗುವಾಗ ಅಲ್ಲೇ ದೋಸೆ ತಿನ್ನುತ್ತಿದ್ದರು ಅಲ್ವಾ. ಸಪ್ಲೈಯರ್ ಒಂದೇ ಕೈ ಮೇಲೆ ತಟ್ಟೆ ಮೇಲೆ ತಟ್ಟೆ ಪೇರಿಸಿಕೊಂಡು ಬರೋದನ್ನ ಮನೇಲಿ ನಟನೆ ಮಾಡಿ ತೋರಿಸುತ್ತಿದ್ದರು. ಅಜ್ಜಿಗೆ ಅದನ್ನು ಕಣ್ಣಾರೆ ನೋಡಬೇಕಿತ್ತು. ಬೆಳಗ್ಗೆ ಕಾಫಿ ಕೂಡ ಕುಡಿಯಲಿಲ್ಲ, ದೋಸೆ ಜೊತೆಗೇ ಕುಡೀತೀನಿ ಅಂದರು. ಹೋಗಿ ನೋಡಿದರೆ ಬಾಗಿಲು ಹಾಕಿದೆ. ಹೂವಿನವಳು ‘ಶುಕ್ರವಾರ ರಜ ಅಮ್ಮ’ ಅಂದಳು. ಅಜ್ಜಿ ಹೋಗಿ ಬಾಗಿಲನ್ನ ಒಂದು ಸಲ ಕೈಯಲ್ಲಿ ಮುಟ್ಟಿ ಬಂದರು, ದೇವಸ್ಥಾನದ ಹೊಸ್ತಿಲು ಮುಟ್ಟಿದ ಹಾಗೆ. ಆಮೇಲೆ ಹೂವಿನವಳ ಗೋಣಿ ಮೇಲೇ ಕೂತುಬಿಟ್ಟರು, ತಲೆ ಸುತ್ತು. ಆಟೋದವನು ಯಾವುದೋ ಹೋಟೆಲಿಗೆ ಕರೆದುಕೊಂಡು ಹೋದ. ಇಡ್ಲಿ ಅಂದರೆ ಕಲ್ಲು. ಸಾಂಬಾರ್ ಪಾಯಸ.

ಅದಕ್ಕೇ ಇನ್ನೊಂದು ಸಲ ಹೇಳ್ತೀನಿ, ಶುಕ್ರವಾರ ಬೇಡ.

ಅಲ್ಲಿಂದ ಹತ್ತು ನಿಮಿಷಕ್ಕೆ ನನ್ನ ತಮ್ಮನ ಮನೆ. ಜಯನಗರದಲ್ಲಿ ಅಷ್ಟು ದೊಡ್ಡ ಮನೆ ಇಟ್ಟುಕೊಂಡು ‘ತಿಂಡಿಗೆ ಬನ್ನಿ’ ಅನ್ನಲಿಲ್ಲ. ಹೆತ್ತ ತಾಯಿ ಗೋಣಿ ಮೇಲೆ ಕೂತಿದ್ದಾಳೆ! ಈ ಗ್ರೂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ವರ್ಷ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ತೀರ್ಥಹಳ್ಳಿಯಿಂದ ಹೋಗಬೇಕು. ಹೋದ ವರ್ಷದ ಭರಣಿ ಇನ್ನೂ ವಾಪಸ್ ಬಂದಿಲ್ಲ.

ಅಯ್ಯೋ, ಕೇಳಿದ್ದಕ್ಕೆ ಉತ್ತರಾನೇ ಹೇಳಲಿಲ್ಲ. ನೀವು ಇಳಿಯೋದೇ ಶುಕ್ರವಾರ ಅಲ್ವಾ? ಆವತ್ತು ಲಾಲ್‌ಬಾಗ್ ಹತ್ತಿರದ ಎಂಟಿಆರ್ ಹೋಟೆಲಿಗೆ ಹೋಗಿ. ಅದಕ್ಕೆ ಸೋಮವಾರ ರಜ. ಯಶವಂತಪುರದಲ್ಲಿ ಹಸಿರು ಮೆಟ್ರೋ ಹತ್ತಿ ಲಾಲ್‌ಬಾಗ್‌ನಲ್ಲಿ ಇಳಿದು ಆಟೋ ಮಾಡಿ. ರವೆ ಇಡ್ಲಿ ತಿನ್ನಿಸು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಅವರೇ ಮಾಡಿದ್ದಂತೆ. ಮಾವನಿಗೆ ಸಕ್ಕರೆ ಇಲ್ಲದ ಕಾಫಿ ಅಂತ ಮೊದಲೇ ಹೇಳು. ಕಾಯಬೇಕಾಗುತ್ತೆ, ಪರ್ಸಿನಲ್ಲಿ ಎರಡು ಬಿಸ್ಕೆಟ್ ಇಟ್ಟುಕೋ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಚಟ್ನಿ ಚೆನ್ನಾಗಿರುತ್ತೆ, ಆದರೆ ನಿಂತೇ ತಿನ್ನಬೇಕು, ಅತ್ತೆ ಮಂಡಿಗೆ ಆಗಲ್ಲ. ವಿದ್ಯಾರ್ಥಿ ಭವನಕ್ಕೆ ಶನಿವಾರ ಏಳು ಗಂಟೆಯೊಳಗೇ ಹೋಗಿ ನಿಂತುಬಿಡಿ, ಆಮೇಲೆ ಜನ ಜಾಸ್ತಿ.

ಹಾಗೇ ಜಯನಗರಕ್ಕೆ ಹೋಗಿ ಆ ಭರಣಿ ತಗೊಂಡು ಬಾ. ಮುಚ್ಚಳ ಸಮೇತ.