ಲಕ್ವದ ನಂತರ ಕಾಲನ್ನು ಸುತ್ತಿಸಿ ಇಡುವ ನಡಿಗೆ: ತಿದ್ದಲು ಸಾಧ್ಯವೇ?

ಪ್ರಶ್ನೆ: ಬಲಭಾಗಕ್ಕೆ ಲಕ್ವ ಹೊಡೆದಿದ್ದ ನಮ್ಮ ತಂದೆಯವರು ಈಗ ಮನೆಯೊಳಗೆ ನಡೆಯುತ್ತಾರೆ. ಆದರೆ ಬಲಗಾಲನ್ನು ನೇರವಾಗಿ ಮುಂದಿಡದೆ, ಹೊರಗಿನಿಂದ ಅರ್ಧವೃತ್ತದಂತೆ ಸುತ್ತಿಸಿ ತರುತ್ತಾರೆ. ಬೆರಳುಗಳು ನೆಲಕ್ಕೆ ಉಜ್ಜುತ್ತವೆ. ಬಲವಂತವಾಗಿ ತಿದ್ದಬೇಕೇ?

ಉತ್ತರ 1: ಬಲವಂತ ಖಂಡಿತ ಬೇಡ. ಮೊಣಕಾಲು ಸಾಕಷ್ಟು ಮಡಚದೆ, ಪಾದವೂ ಮೇಲೇಳದೆ ಇದ್ದಾಗ ಆ ಕಾಲು ಉದ್ದವಾದಂತಾಗುವುದರಿಂದ, ನೆಲಕ್ಕೆ ತಾಗದಂತೆ ದಾಟಿಸಲು ದೇಹವು ಸೊಂಟವನ್ನೆತ್ತಿ ಕಾಲನ್ನು ಸುತ್ತಿಸುತ್ತದೆ. ಆದ್ದರಿಂದ ಮೂಲ ಕಾರಣ ಸ್ನಾಯುಗಳ ಬಲಹೀನತೆಯೋ ಬಿಗಿತವೋ ಎಂಬುದನ್ನು ಫಿಸಿಯೋಥೆರಪಿಸ್ಟ್ ಮೊದಲು ಪರೀಕ್ಷಿಸಬೇಕು. ಪಾದ ಜೋತುಬೀಳುತ್ತಿದ್ದರೆ ಎಎಫ್‌ಒ ಎಂಬ, ಕಣಕಾಲು ಮತ್ತು ಪಾದವನ್ನು ಹಿಡಿದಿಡುವ ಆಧಾರಪಟ್ಟಿ ನೆರವಾಗುತ್ತದೆ. ಮೀನಖಂಡದ ಬಿಗಿತ ಹೆಚ್ಚಿದ್ದರೆ ವೈದ್ಯರು ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದನ್ನು ಪರಿಗಣಿಸಬಹುದು.

ಉತ್ತರ 2: ನಮ್ಮ ತಾಯಿಯವರನ್ನು ನೋಡಿಕೊಂಡ ಅನುಭವದಿಂದ ಹೇಳುತ್ತಿದ್ದೇನೆ: ಊರುಗೋಲು ಎಡಗೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿಯಾದ ಕಾಲು ಮೊದಲು, ಇಳಿಯುವಾಗ ಬಲಹೀನವಾದ ಕಾಲು ಮೊದಲು. ಬಲಹೀನ ಭುಜವನ್ನು ಹಿಡಿದೆಳೆದು ಎಬ್ಬಿಸಬೇಡಿ. ಅಲ್ಲಿನ ಕೀಲು ಸುಲಭವಾಗಿ ಜಾರುತ್ತದೆ.

ಪ್ರಶ್ನಿಸಿದವರು: ಧನ್ಯವಾದಗಳು. ಸುಧಾರಣೆಯನ್ನು ಅಳೆಯುವುದು ಹೇಗೆ?

ಉತ್ತರ 1: 10 ಮೀಟರ್ ನಡಿಗೆಗೆ ಹಿಡಿಯುವ ಸಮಯವನ್ನು ಬರೆದಿಡಿ. ಸೆಕೆಂಡಿಗೆ 0.4 ಮೀಟರ್‌ಗಿಂತ ಕಡಿಮೆ ವೇಗವಿದ್ದರೆ ಓಡಾಟ ಸಾಮಾನ್ಯವಾಗಿ ಮನೆಗೆ ಸೀಮಿತವಾಗಿರುತ್ತದೆ, 0.8 ದಾಟಿದರೆ ಹೊರಗಿನ ಓಡಾಟ ಸರಾಗವಾಗುತ್ತದೆ. ಪಕ್ಕದಲ್ಲಿ ಒಬ್ಬರು ಇದ್ದೇ ಇರಲಿ.