ನೆಟ್ ಇಲ್ಲದ ಕಡೆ ಯಾವ ಮ್ಯಾಪ್ ಇಟ್ಟುಕೊಳ್ಳುತ್ತೀರಿ?

ಹಳೇ ಬೊಲೆರೊ, ಮೈಸೂರು
ಜುಲೈ ಮೊದಲ ವಾರ ಭಾವಮೈದನ ಜೊತೆ ಅಪ್ಪನ ಬೊಲೆರೊದಲ್ಲಿ ಹಿಮಾಚಲದ ಸ್ಪಿತಿಗೆ ಹೊರಟಿದ್ದೇವೆ. ಮನಾಲಿ ಮೇಲೆ ಅಲ್ಲಿನ ಕಾಜಾ ಊರು ಸೇರುವ ಲೆಕ್ಕ. ಆ ಕಡೆ ನೆಟ್‌ವರ್ಕ್ ನಂಬಬೇಡಿ ಅಂತಾರೆ. ಹೋದ ತಿಂಗಳು ಎಚ್.ಡಿ. ಕೋಟೆ ದಾಟಿ ಕಾಡೊಳಗೆ ಹೋದಾಗಲೇ ನನ್ನ ಕಥೆ ಮುಗಿದಿತ್ತು. ಸ್ಕ್ರೀನ್ ಪೂರ್ತಿ ಬೂದಿ ಬಣ್ಣ, ನಡುವೆ ಒಂದು ನೀಲಿ ಚುಕ್ಕಿ. ಚುಕ್ಕಿ ಮಾತ್ರ ಹಾಯಾಗಿ ಮುಂದೆ ಹೋಗುತ್ತಿತ್ತು! ಮ್ಯಾಪ್ ಇಳಿಸಿಕೊಂಡು ಹೋಗುವವರು ಯಾವ ಆ್ಯಪ್ ಬಳಸುತ್ತೀರಿ? ಕೇಳಿದ್ದು ಬೇಡ, ಬಳಸಿದ್ದು ಹೇಳಿ.

ನಾಲೆ ಏರಿ, ಮಂಡ್ಯ
ಚುಕ್ಕಿಗೆ ನೆಟ್ ಬೇಡ, ಅದು ಉಪಗ್ರಹದ ಸಿಗ್ನಲ್ ಹಿಡಿದು ಓಡುತ್ತದೆ. ನೆಟ್ ಬೇಕಾಗಿದ್ದು ಅದರ ಕೆಳಗಿನ ಚಿತ್ರಕ್ಕೆ. ನಾನು ಬಳಸುವುದು ಆರ್ಗ್ಯಾನಿಕ್ ಮ್ಯಾಪ್ಸ್, ಜೊತೆಗೆ ಓಸ್ಮ್‌ಆಂಡ್. ಎರಡಕ್ಕೂ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯೇ ಆಧಾರ. ಮೊದಲನೆಯದು ಸಲೀಸು. ಎರಡನೆಯದರಲ್ಲಿ ಸೆಟ್ಟಿಂಗ್ ಜಾಸ್ತಿ, ತಲೆ ಕೆಡುತ್ತದೆ. ಹೋದ ದಾರಿಯನ್ನು ಗೆರೆಯಾಗಿ ಉಳಿಸಿಕೊಳ್ಳಲು ಅದನ್ನು ಇಟ್ಟಿದ್ದೇನೆ. ದಾರಿ ತಪ್ಪಿದರೆ ಅದೇ ಗೆರೆ ಹಿಡಿದು ವಾಪಸ್ ಬರಬಹುದು.

ಒಂದು ಮಾತು. ಆ್ಯಪ್‌ಗೆ ದಾರಿ ಗೊತ್ತು, ದಾರಿಯ ಅಗಲ ಎಷ್ಟೋ ಕಡೆ ಗೊತ್ತಿರುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಆ್ಯಪ್ ನಂಬಿ ಪಾಂಡವಪುರದ ಹತ್ತಿರ ನಾಲೆ ಏರಿ ಮೇಲೆ ಕಾರು ಹತ್ತಿಸಿದೆ. ಒಂದು ಪಕ್ಕ ತುಂಬಿದ ನಾಲೆ, ಇನ್ನೊಂದು ಪಕ್ಕ ಎರಡಾಳು ಕೆಳಗೆ ಗದ್ದೆ. ಎದುರಿಗೆ ಕಬ್ಬು ತುಂಬಿದ ಎತ್ತಿನ ಗಾಡಿ. ಗಾಡಿಯವರು ಇಳಿದು ಬಂದು, ‘ಫೋನು ಎತ್ತಿಡಿ ಅಣ್ಣ, ಹಿಂದಕ್ಕೆ ನೋಡ್ಕಂಡು ಬುಡಿ’ ಅಂದರು. ಅರ್ಧ ಕಿಲೋಮೀಟರ್ ರಿವರ್ಸ್. ಅಷ್ಟು ದೂರವೂ ನನ್ನ ಹೆಂಡತಿ ಒಂದು ಮಾತಾಡಲಿಲ್ಲ. ನಾಲೆಗಿಂತ ಅದೇ ಜಾಸ್ತಿ ಭಯ.

ಆಮೇಲಿಂದ ಕಚ್ಚಾ ರಸ್ತೆ ಬೇಡ ಅನ್ನುವ ಸೆಟ್ಟಿಂಗ್ ಆನ್ ಮಾಡಿಯೇ ಇಟ್ಟಿದ್ದೇನೆ. ನೀವು ಮಾತ್ರ ಅಲ್ಲಿ ಆಫ್ ಮಾಡಿ. ಮನಾಲಿ ದಾಟಿ ಕಾಜಾಗೆ ಹೋಗುವಾಗ ಗ್ರಾಂಫೂನಿಂದ ಲೋಸರ್ ಕಡೆಗೆ ಕಲ್ಲು ಮಣ್ಣಿನ ದಾರಿಯೇ ಜಾಸ್ತಿ. ಆನ್ ಇದ್ದರೆ ನಿಮ್ಮನ್ನು ಶಿಮ್ಲಾ, ಕಿನ್ನೌರ್ ಎಲ್ಲ ಸುತ್ತಿಸಿಬಿಡಬಹುದು.

ಹಿಂದಿನ ಸೀಟು, ಮೈಸೂರು
ಗೂಗಲ್ ಮ್ಯಾಪ್ಸ್‌ದೂ ಇಳಿಸಿಕೊಳ್ಳಿ, ಹೋಟೆಲು ಅಂಗಡಿ ಹುಡುಕಲು ಅದೇ ವಾಸಿ. ಆ ಡೌನ್‌ಲೋಡ್‌ಗೆ ಅವಧಿ ಇರುತ್ತದೆ, ಹೊರಡುವ ಮುಂಚೆ ಅಪ್‌ಡೇಟ್ ಮಾಡಿ.

ಇನ್ನು ಗೇಟ್ ಹಾಕಿದೆಯಾ ಇಲ್ವಾ ಅಂತ ಇಳಿಸಿಕೊಂಡ ಮ್ಯಾಪನ್ನು ನಂಬಬೇಡಿ. ಬಂಡೀಪುರ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಅಂತ ನಮಗೆ ಗೊತ್ತು. ಹೊರಗಿನವರು 9:10ಕ್ಕೆ ಬಂದು ಚೆಕ್‌ಪೋಸ್ಟ್ ಮುಂದೆ ಪೆಚ್ಚಾಗಿ ನಿಂತಿರುತ್ತಾರೆ, ನೋಡಿದ್ದೀರಿ ಅಲ್ವಾ? ನಿಮ್ಮ ಕಾಜಾ ದಾರಿಯಲ್ಲಿ ಸಿಗುವ ಕುಂಜುಂ ಪಾಸ್‌ದೂ ಅದೇ ಕಥೆ, ತೆರೆದಿದೆಯಾ ಇಲ್ವಾ ಅಂತ ಮ್ಯಾಪ್‌ಗೆ ಗೊತ್ತಿರಲ್ಲ. ಮನಾಲಿಯಲ್ಲಿ ಟ್ಯಾಕ್ಸಿಯವರನ್ನು ಕೇಳಿಯೇ ಹೊರಡಿ. ಫೋನನ್ನು ಗಾಜಿಗೆ ಅಂಟಿಸಬೇಡಿ. ರಾಜಸ್ಥಾನದಲ್ಲಿ ನಮ್ಮದು ಕಾದು ಆಫ್ ಆಯಿತು. ಎಸಿ ಗಾಳಿ ಬೀಳುವ ಕಡೆ ಸಿಕ್ಕಿಸಿ.

ಹಳೇ ಬೊಲೆರೊ, ಮೈಸೂರು
ನಮ್ಮ ಬೊಲೆರೊಗೆ ಎಸಿ ಎಲ್ಲಿಂದ ತರಲಿ ಮೇಡಂ!

ಇವತ್ತು ಬೆಳಿಗ್ಗೆ ಮ್ಯಾಪ್ ಇಳಿಸಿಕೊಂಡು, ಫ್ಲೈಟ್ ಮೋಡ್ ಹಾಕಿಕೊಂಡು ನಂಜನಗೂಡಿಗೆ ಹೋಗಿ ಬಂದೆ. ನಾನಿರುವ ಜಾಗ ಹಿಡಿಯಲು ಫೋನು ಮನೆ ಮುಂದೆಯೇ ಮೂರು ನಿಮಿಷ ತೆಗೆದುಕೊಂಡಿತು, ಆಮೇಲೆ ಸರಿಯಾಗಿ ಓಡಿತು. ದೇವಸ್ಥಾನ ಸಿಕ್ಕಿತು, ಅತ್ತೆ ಮನೆ ಬೀದಿ ಸಿಗಲಿಲ್ಲ. ಹಾಗಾಗಿ ರಾತ್ರಿ ಉಳಿಯುವ ಜಾಗಗಳಿಗೆಲ್ಲ ಈಗಲೇ ಪಿನ್ ಹಾಕುತ್ತಾ ಕೂತಿದ್ದೇನೆ. ನಾಲೆ ಏರಿ ಅಣ್ಣ, ಆ ಗೆರೆ ಉಳಿಸಲು ಬ್ಯಾಟರಿ ಜಾಸ್ತಿ ತಿನ್ನುತ್ತಾ?

ನಾಲೆ ಏರಿ, ಮಂಡ್ಯ
ಸ್ಕ್ರೀನ್ ತಿನ್ನುವಷ್ಟು ತಿನ್ನುವುದಿಲ್ಲ. ಗಾಡಿಯಲ್ಲಿ ಚಾರ್ಜರ್ ಎರಡು ಇರಲಿ. ಹಳೇ ಬೊಲೆರೊ ಅಂದಿರಿ, ಚಾರ್ಜರ್ ಸಿಕ್ಕಿಸುವ ಸಾಕೆಟ್ ಕೆಲಸ ಮಾಡುತ್ತಾ ಅಂತ ಮೊದಲು ನೋಡಿ.